ಹತ್ತು ಜೇಬು

ಮೊದಲ ದಿನ ಮೂವತ್ತು ಮಾಡೋಣ ಅಂದಿದ್ದೆ.
ಇವತ್ತಿಗೆ ಇಪ್ಪತ್ತು ರೋಜಾ
ಮಷೀನಿನ ಮುಂದೆಯೇ ಮುಗಿದು ಹೋದವು.
ಉಳಿದದ್ದು ಹತ್ತು.
ಹತ್ತೇ ಸಾಕು ಬಿಡು.

ಪ್ಯಾಟಿಯಿಂದ ಏನೂ ತರಬೇಕಾಗಿಲ್ಲ.
ಕೌಲ್ ಬಜಾರಿನ ಈ ಓಣಿಯಲ್ಲಿ
ಯಾವ ಕದ ತೆಗೆದರೂ ನೀಲಿ ಚಿಂದಿ;
ಸೊಟ್ಟ ಹೊಲಿಗೆ ಅಂತ ಸೇಠು ವಾಪಸ್ ಎಸೆದ
ಹಿಂಬದಿ ಜೇಬುಗಳು
ನನ್ನ ಮಂಚದ ಕೆಳಗೆ ಒಂದು ಗೋಣಿ ತುಂಬ.
ಎಡಕ್ಕೆ ಬಲದ ಜೋಡಿಯಿಲ್ಲ,
ಪ್ಯಾಂಟೇ ಇಲ್ಲದ ಜೇಬುಗಳು.

"ನಾಳೆ ಅಂತೀ, ನಾಳೆ ಬಂದ್ರೂ ನಾಳೆ ಅಂತೀ"
ಅನ್ನುತ್ತ ರುಖಿಯಾ ಕತ್ತರಿ ತಂದಳು.
ಅಷ್ಟರಲ್ಲಿ ಕರೆಂಟು ಹೋಯಿತು, ಒಳ್ಳೇದೇ ಆಯ್ತು.
ಮಷೀನು ಬಾಯಿ ಮುಚ್ಚಿತು.
ನನ್ನ ಪಾದ ಮಾತ್ರ ಇನ್ನೂ ಸ್ವಲ್ಪ ಹೊತ್ತು
ಸುಮ್ಮನೆ ಪೆಡಲ್ ಒತ್ತುತ್ತಲೇ ಇತ್ತು.

ಬಟ್ಟೆ ಒಣಹಾಕುವ ನೈಲಾನ್ ಹಗ್ಗ,
ಬಾಗಿಲ ಮೊಳೆಯಿಂದ ಕಿಟಕಿಯ ಸರಳಿಗೆ.
ಕ್ಲಿಪ್ಪು ಹುಡುಕಿದರೆ ಒಂಬತ್ತೇ.
ಪಕ್ಕದ ಮನೆ ಹುಲಿಗೆಮ್ಮ
ತನ್ನ ತಲೆಯ ಪಿನ್ನು ಕಿತ್ತು ಕೊಟ್ಟಳು.
ಆಕೆಗೆ ಆರು ವರ್ಷ. ರೋಜಾ ಇಲ್ಲ,
ಆದರೂ ದಿನಾ ಐದು ಗಂಟೆಯಿಂದಲೇ
ನಮ್ಮ ಮಿರ್ಚಿ ಎಣ್ಣೆಗೆ ಬೀಳೋದನ್ನ
ನಮಗಿಂತ ನಿಷ್ಠೆಯಿಂದ ಕಾಯುತ್ತಾಳೆ.

ಅಂಕಿ ಬರೆಯೋದು ತನ್ವೀರನ ಪಾಲು.
ನನ್ನ ಮಾರ್ಕಿನ ಸುಣ್ಣದಲ್ಲಿ, ನಾಲಿಗೆ ಹೊರಚಾಚಿ ಬರೆದ.
ಆರನ್ನು ತಲೆಕೆಳಗೆ ತೂಗುಹಾಕಿದ.
ಈಗ ಒಂಬತ್ತು ಎರಡು, ಆರು ಇಲ್ಲವೇ ಇಲ್ಲ.
"ಬಿಚ್ಚಲಾ?" ಅಂದ, ಕಣ್ಣಲ್ಲಿ ನೀರು ತಂದುಕೊಂಡು.
ಬ್ಯಾಡ, ಇರಲಿ.
ಇದು ಸೇಠು ಎಣಿಸಿ ನೋಡೋ ಪೀಸಲ್ಲ.
ಐದಾದ ಮೇಲೆ ಒಂಬತ್ತು ಬಂದರೆ
ಹಬ್ಬ ಇನ್ನೂ ಹತ್ತಿರ ಬಂದ ಹಾಗಾಯ್ತಲ್ಲ.

ಒಳಗೆ ಏನಿಡೋದು?
ಅಂಗಡಿಯಷ್ಟು ಉದ್ದದ ಪಟ್ಟಿ ಹೇಳಿದಳು ರುಖಿಯಾ.
ಮನೆಯಲ್ಲಿ ಇದ್ದದ್ದು:
ಖರ್ಜೂರ, ಒಂದೊಂದಕ್ಕೆ ಮೂರು.
ಹಿತ್ತಾಳೆಯ ಜೀನ್ಸ್ ಗುಂಡಿ.
"ಇವತ್ತು ಅಮ್ಮಿ ಬೈಯಂಗಿಲ್ಲ" ಅಂತ ಒಂದು ಚೀಟಿ,
ಯಾರ ಅಕ್ಷರ ಅಂತ ನಾನು ಕೇಳಲಿಲ್ಲ.
ಹುಲಿಗೆಮ್ಮನ ಹುಣಸೆಬೀಜ, ಒಂದು ಬದಿ ತೇದದ್ದು.
ನಾಲ್ಕನೆಯದರಲ್ಲಿ ಏನೋ ಇಟ್ಟರು,
ನನಗೂ ತೋರಿಸಲಿಲ್ಲ.

ಆಮೇಲೆ ಹತ್ತನೆಯದರ ಸರದಿ,
ತಲೆಪಿನ್ನಿಗೆ ತೂಗುವ ಜೇಬು.
"ಇಪ್ಪತ್ತೊಂಬತ್ತಕ್ಕೇ ಚಂದ್ರ ಕಂಡರೆ?"
"ಕಂಡರೆ ಮರುದಿನವೇ ಈದ್."
"ಹಂಗಾದ್ರ ಇದನ್ನ ತೆಗೆಯೋದು ಯಾವಾಗ?"
ಮೂವರೂ ಜೇಬನ್ನೇ ನೋಡಿದರು.
ಖಾಲಿ ಬಿಡೋಣ ಅಂದಳು ರುಖಿಯಾ.
ಎಲ್ಲಕ್ಕಿಂತ ಚಂದದ್ದು ಅದರಲ್ಲೇ ಇರಲಿ,
ಚಂದ್ರ ಕಾಣದ ರಾತ್ರಿ ಯಾರೂ ಅಳಬಾರದು ಅಂದ ತನ್ವೀರ.
ಹುಲಿಗೆಮ್ಮ ಕಿಟಕಿಯಿಂದ ಕೋಟೆ ಗುಡ್ಡದ ಕಡೆ ಕತ್ತೆತ್ತಿ
"ಚಂದ್ರಗೇ ಕೇಳಿ ಇಡ್ರಿ" ಅಂದಳು.

ಜಗಳ ಮುಗಿಯಲಿಲ್ಲ. ಮುಗಿಸಲೂ ಇಲ್ಲ ನಾನು.
ಅವರು ನೀರಿಗೆ ಹೋದಾಗ
ಕೊರಳಲ್ಲಿದ್ದ ಅಳತೆ ಟೇಪು ಸುತ್ತಿ
ಹತ್ತನೆಯದರೊಳಗೆ ಇಳಿಸಿದೆ.
ತನ್ವೀರನ ಸೊಂಟ, ರುಖಿಯಾಳ ತೋಳು
ಈ ಸಲ ಇನ್ನೂ ಅಳೆದೇ ಇಲ್ಲ.
ಊರಿಗೆಲ್ಲ ಹೊಲಿದ ಕೈ ಇದು.
ಇರಲಿ, ಒಂದು ದಿನ ಹೆಚ್ಚು ಸಿಕ್ಕರೆ ಅದು ನನ್ನದು.
ಸಿಗದಿದ್ದರೆ ಚಾಂದ್ ರಾತ್ ಹೇಗೂ ಉಂಟು,
ನಿದ್ದೆ ಬಿಟ್ಟರಾಯ್ತು.

ಕರೆಂಟು ಬಂತು.
ಫ್ಯಾನಿನ ಗಾಳಿಗೆ ಹಗ್ಗ ತೂಗಿ
ಹತ್ತು ಜೇಬೂ ಒಟ್ಟಿಗೆ ನಡೆದ ಹಾಗೆ ಕಂಡವು,
ಯಾರದೋ ಕಾಣದ ಸೊಂಟದ ಮೇಲೆ.

"ನಾಳೆಯಿಂದ. ದಿನಕ್ಕೊಂದು. ಮಗ್ರಿಬ್ ಆದ ಮೇಲೆ"
ಅಂತ ನಾನು ಕಟ್ಟಪ್ಪಣೆ ಮಾಡೋಷ್ಟರಲ್ಲಿ
ಒಂದನೆಯ ಜೇಬಿನೊಳಗೆ
ಮಣಿಕಟ್ಟಿನ ತನಕ ಹುಲಿಗೆಮ್ಮನ ಕೈ.
"ನಂಗ ರೋಜಾ ಇಲ್ಲಲ್ಲ ಚಾಚಿ,
ನಂದು ಇವತ್ತೇ ಶುರು."